ಸಿಗ್ನಲ್ ಬಲ ಮತ್ತು ರಿಸೀವರ್ ಸೆನ್ಸಿಟಿವಿಟಿಯಿಂದ ವೈಫೈ ವೇಗವನ್ನು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರೌಟರ್‌ನಿಂದ ಎರಡು ಗೋಡೆಗಳಾಚೆ ಇರುವ ನನ್ನ ಲ್ಯಾಪ್‌ಟಾಪ್ ಸಿಗ್ನಲ್ ಬಲವನ್ನು -68 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಅಳೆದ ಶಕ್ತಿ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಎಂದು ತೋರಿಸುತ್ತಿದೆ. ಸಂಪರ್ಕವು 802.11ಎನ್ ಎಂಬ ವೈಫೈ ಮಾನದಂಡದ್ದು, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್, ಒಂದೇ ಸ್ಟ್ರೀಮ್ (ದತ್ತಾಂಶದ ಹರಿವು), ಗಾರ್ಡ್ ಇಂಟರ್ವಲ್ (ಸಂಕೇತಗಳ ನಡುವಿನ ಬಿಡುವು) 800 ನ್ಯಾನೊಸೆಕೆಂಡ್. ಮಾನದಂಡದ ಸೆನ್ಸಿಟಿವಿಟಿ (ರಿಸೀವರ್‌ಗೆ ಬೇಕಾದ ಕನಿಷ್ಠ ಸಿಗ್ನಲ್ ಬಲ) ಕೋಷ್ಟಕದಲ್ಲಿ ಎಂಸಿಎಸ್ (ದರದ ಮಟ್ಟ; ಸಂಖ್ಯೆ ಏರಿದಂತೆ ವೇಗ ಹೆಚ್ಚು) 4ಕ್ಕೆ -70 ಹಾಗೂ ಎಂಸಿಎಸ್ 5ಕ್ಕೆ -66 ಡಿಬಿಎಂ ಎಂದಿರುವುದರಿಂದ ಸೆಕೆಂಡಿಗೆ 39 ಮೆಗಾಬಿಟ್ ಸಿಗಬೇಕು. ಕಾರ್ಡಿನ ಡೇಟಾ ಶೀಟ್ ಎಂಸಿಎಸ್ 7ಕ್ಕೇ -72 ಸಾಕು ಎನ್ನುತ್ತದೆ. ಹಾಗಾದರೆ 65 ಸಿಗಬೇಕು. ಆದರೆ ಹೆಚ್ಚಿನ ಹೊತ್ತು ಕಾಣುವುದು 52. ಯಾವ ಲೆಕ್ಕವನ್ನು ನಂಬಬೇಕು? ಚಾನೆಲ್ ಅನ್ನು 40 ಮೆಗಾಹರ್ಟ್ಸ್‌ಗೆ ಹಿಗ್ಗಿಸಿದರೆ ಲಾಭವಿದೆಯೇ?

ಉತ್ತರ 1:
ನಿಮ್ಮ ಎರಡೂ ಕೋಷ್ಟಕಗಳು ಸರಿಯಾಗಿಯೇ ಇವೆ, ಆದರೆ ಅವು ಹೇಳುವ ವಿಷಯ ಬೇರೆ ಬೇರೆ. ಮಾನದಂಡದ ಅಂಕಿಗಳು ಯಾವ ಉಪಕರಣವೂ ಅದಕ್ಕಿಂತ ಕಳಪೆಯಾಗಿರಬಾರದು ಎಂಬ ಎಲ್ಲೆಯನ್ನು ಹಾಕುತ್ತವೆ. ರಿಸೀವರ್ ತಾನೇ 10 ಡೆಸಿಬೆಲ್ ಗದ್ದಲ ಸೇರಿಸುತ್ತದೆ, ತಯಾರಿಕೆಯ ಕೊರತೆಗಳಿಂದ ಇನ್ನೂ 5 ಡೆಸಿಬೆಲ್ ನಷ್ಟವಾಗುತ್ತದೆ ಎಂದು ಹಿಡಿದು ಅವನ್ನು ನಿಗದಿಪಡಿಸಲಾಗಿದೆ. ಒಳ್ಳೆಯ ಕಾರ್ಡು ಈ ಎಲ್ಲೆಯನ್ನು ಸುಲಭವಾಗಿ ಮೀರುತ್ತದೆ. ಡೇಟಾ ಶೀಟ್‌ನ ಅಂಕಿಯಾದರೋ ಸಾಮಾನ್ಯವಾಗಿ ಕೇಬಲ್ ಮೂಲಕ ಶುದ್ಧ ಸಿಗ್ನಲ್ ಕೊಟ್ಟು ಅಳೆದದ್ದು, ಅದೂ ನೂರರಲ್ಲಿ ಹತ್ತು ಪ್ಯಾಕೆಟ್‌ಗಳು ಹಾಳಾದರೂ ಸರಿ ಎಂಬ ಮಟ್ಟದಲ್ಲಿ. ಗೋಡೆಗಳಿಂದ ಪ್ರತಿಫಲಿಸಿ ಏರಿಳಿಯುವ ಸಿಗ್ನಲ್‌ಗೆ ಅದರ ಮೇಲೆ ಕನಿಷ್ಠ 5 ಡೆಸಿಬೆಲ್ ಅಂತರವನ್ನಾದರೂ ನಾನು ಇಟ್ಟುಕೊಳ್ಳುತ್ತೇನೆ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿಯಿದೆ, ನಿಮ್ಮ ಪ್ರಶ್ನೆಯ ಗಂಟು ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ನೀವು ನೋಡುತ್ತಿರುವ -68 ಬಹುಶಃ ಬೀಕನ್‌ಗಳ, ಅಂದರೆ ರೌಟರ್ ತನ್ನ ಇರವನ್ನು ಸಾರಲು ಆಗಾಗ ಕಳುಹಿಸುವ ಪ್ಯಾಕೆಟ್‌ಗಳ ಬಲ. ಬೀಕನ್‌ಗಳು ಕಡಿಮೆ ದರದಲ್ಲಿ, ಪೂರ್ಣ ಶಕ್ತಿಯಲ್ಲಿ ಹೊರಡುತ್ತವೆ. ದರ ಏರಿದಂತೆ ಸಿಗ್ನಲ್ ವಿಕೃತಗೊಳ್ಳದಿರಲೆಂದು ರೌಟರ್ ತನ್ನ ಶಕ್ತಿಯನ್ನು ತಗ್ಗಿಸುತ್ತದೆ. ರೌಟರ್‌ನ ಡೇಟಾ ಶೀಟ್‌ನಲ್ಲಿ ಪ್ರತಿಯೊಂದು ಎಂಸಿಎಸ್‌ಗೂ ಪ್ರಸಾರದ ಶಕ್ತಿ ಎಷ್ಟೆಂದು ದಯವಿಟ್ಟು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು:
ನೋಡಿದೆ. ಎಂಸಿಎಸ್ 0ಕ್ಕೆ 20, ಎಂಸಿಎಸ್ 5ಕ್ಕೆ 18, ಎಂಸಿಎಸ್ 7ಕ್ಕೆ 16 ಡಿಬಿಎಂ ಎಂದಿದೆ. ನನ್ನ ಕಾರ್ಡಿನ ಸೆನ್ಸಿಟಿವಿಟಿ ಎಂಸಿಎಸ್ 5ಕ್ಕೆ -75.

ಉತ್ತರ 1 ಬರೆದವರು:
ಹಾಗಾದರೆ ಲೆಕ್ಕ ಕೂಡಿಬಂತು. ಎಂಸಿಎಸ್ 7ರ ಪ್ಯಾಕೆಟ್‌ಗಳು ಬೀಕನ್‌ಗಿಂತ 4 ಡೆಸಿಬೆಲ್ ಕಡಿಮೆ ಬಲದಲ್ಲಿ, ಅಂದರೆ -72ರಲ್ಲಿ ತಲುಪುತ್ತವೆ, ಅಂತರವೇ ಉಳಿಯುವುದಿಲ್ಲ. ಎಂಸಿಎಸ್ 5 ತಲುಪುವುದು -70ರಲ್ಲಿ, ಅಂತರ 5 ಡೆಸಿಬೆಲ್. ಎಂಸಿಎಸ್ 5ರ ದರವಾದ 52 ನಿಮಗೆ ಸಿಗುತ್ತಿರುವುದು ಇದರಿಂದಲೇ.

ಉತ್ತರ 2:
40 ಮೆಗಾಹರ್ಟ್ಸ್‌ನ ಬಗ್ಗೆ ಹೇಳುವುದಾದರೆ, ಅಗಲ ಇಮ್ಮಡಿಯಾದಾಗ ರಿಸೀವರ್‌ಗೆ ಸೇರುವ ಗದ್ದಲವೂ ಇಮ್ಮಡಿಯಾಗುವುದರಿಂದ ಪ್ರತಿಯೊಂದು ಎಂಸಿಎಸ್‌ಗೂ 3 ಡೆಸಿಬೆಲ್ ಹೆಚ್ಚು ಬೇಕಾಗುತ್ತದೆ, ಆದರೆ ರೌಟರ್‌ನ ಒಟ್ಟು ಶಕ್ತಿ ಹೆಚ್ಚುವುದಿಲ್ಲ. ಮಾನದಂಡದ ಎಲ್ಲೆಯಲ್ಲೇ ಇರುವ ಸಾಧಾರಣ ಕಾರ್ಡಿಗೆ -68ರಲ್ಲಿ ಎಂಸಿಎಸ್ 3 ಮಾತ್ರ ದಕ್ಕಿ 54 ಮೆಗಾಬಿಟ್ ಸಿಗುತ್ತದೆ. 20 ಮೆಗಾಹರ್ಟ್ಸ್‌ನ 39ಕ್ಕೆ ಹೋಲಿಸಿದರೆ ಅದು ಇಮ್ಮಡಿಯಲ್ಲದಿದ್ದರೂ ಲಾಭವೇ. ನಿಮ್ಮ ಕಾರ್ಡು ಉತ್ತಮವಾಗಿರುವುದರಿಂದ ಎಂಸಿಎಸ್ 4 ನಿಲ್ಲಬಹುದು, ಆಗ 81 ಮೆಗಾಬಿಟ್.

ಇದೆಲ್ಲವೂ ಗದ್ದಲ ಕಡಿಮೆಯಿದ್ದರೆ ಮಾತ್ರ. 20 ಮೆಗಾಹರ್ಟ್ಸ್ ಅಗಲದಲ್ಲಿ ಉಷ್ಣದಿಂದ ಹುಟ್ಟುವ ಗದ್ದಲ ಸುಮಾರು -101 ಡಿಬಿಎಂ. ರಿಸೀವರ್‌ನದೇ 7 ಡೆಸಿಬೆಲ್ ಸೇರಿದರೆ -94. ಸುತ್ತಲಿನ ಉಪಕರಣಗಳಿಂದ ಅದು -85ಕ್ಕೆ ಏರಿದರೆ ಸೆನ್ಸಿಟಿವಿಟಿಯ ಎಲ್ಲ ಅಂಕಿಗಳಿಗೂ 9 ಡೆಸಿಬೆಲ್ ಸೇರಿಸಿಯೇ ಲೆಕ್ಕ ಹಾಕಬೇಕು; ಆಗ ನಿಮ್ಮ ಎಂಸಿಎಸ್ 5ಕ್ಕೆ -75ರ ಬದಲು -66 ಬೇಕಾಗುತ್ತದೆ, ಅದು ನಿಮಗೆ ಸಿಗದು. ಅಗಲ ಹಿಗ್ಗಿಸಿದಷ್ಟೂ ನೆರೆಯ ಚಾನೆಲ್‌ಗಳ ಮೇಲೆ ಬೀಳುತ್ತೀರಿ ಎಂಬುದನ್ನೂ ನೆನಪಿಡಿ. ಹಾಗೆಯೇ ಲ್ಯಾಪ್‌ಟಾಪ್ 15 ಡಿಬಿಎಂನಲ್ಲಿ ಪ್ರಸಾರ ಮಾಡುತ್ತಿದ್ದರೆ ರೌಟರ್‌ಗೆ ಕೇಳಿಸುವುದು -73 ಮಾತ್ರ. ಅಪ್‌ಲೋಡ್‌ನ ದರವನ್ನು ರೌಟರ್‌ನ ಸೆನ್ಸಿಟಿವಿಟಿಯಿಂದ ಪ್ರತ್ಯೇಕವಾಗಿಯೇ ಕಟ್ಟಬೇಕು. ಇನ್ನು 52 ಎಂಬುದು ಗಾಳಿಯಲ್ಲಿನ ದರ. ಸ್ವೀಕೃತಿಯ ಪ್ಯಾಕೆಟ್‌ಗಳಿಗೂ ಸರದಿ ಕಾಯುವುದಕ್ಕೂ ಸಮಯ ಹೋಗುವುದರಿಂದ ಕಡತ ನಕಲಿಸುವಾಗ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕರೆ ಸಹಜವೆಂದೇ ತಿಳಿಯಿರಿ.