ಸಹಾಯ ಬೇಕು: ನಟನೆಗೆ ತರಬೇತಿಯೋ, ಬದುಕಿನ ಅನುಭವವೋ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟ ಇದೆ. ಊರಿನ ಹವ್ಯಾಸಿ ತಂಡದಲ್ಲಿ ಎಂಟು ವರ್ಷದಿಂದ ನಾಟಕ ಮಾಡುತ್ತಿದ್ದೇನೆ.

ಹೋದ ತಿಂಗಳು ಅಪ್ಪನ ಹೆಣದ ಮುಂದೆ ಕೂತ ಮಗನ ಪಾತ್ರ ಸಿಕ್ಕಿತ್ತು. ನಮ್ಮಪ್ಪ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಅಳು ತಾನಾಗಿಯೇ ಬಂತು. ಖುಷಿಯಲ್ಲಿ ಕೆಳಗಿಳಿದರೆ, ಹಿಂದಿನ ಸಾಲಿನಲ್ಲಿದ್ದ ಅತ್ತಿಗೆ "ಏನಂದ್ಯೋ, ಒಂದು ಮಾತೂ ಕೇಳ್ಲಿಲ್ಲ" ಅಂದರು. ಗಂಟಲು ಕಟ್ಟಿ ಮಾತೆಲ್ಲ ಒಳಗೇ ಉಳಿದಿತ್ತು. ಮರುದಿನದ ಪ್ರಯೋಗದಲ್ಲಂತೂ ಅಳುವೇ ಬರಲಿಲ್ಲ!

ತಂಡದ ಹಿರಿಯರು "ಬದುಕೇ ಕಲಿಸುತ್ತೆ, ಸುಮ್ನಿರು" ಅನ್ನುತ್ತಾರೆ. ಅವರದು ಚಿಕ್ಕಂದಿನಿಂದ ಯಕ್ಷಗಾನದ ಹೆಜ್ಜೆ, ತಾಳದಲ್ಲಿ ಪಳಗಿದ ಮೈ. ಅದೂ ತರಬೇತಿಯೇ ಅಲ್ವಾ?

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ನಮಗೆ ದೂರವೂ ಅಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಕೊಯ್ಲಿನ ಹೊತ್ತಿಗೆ ತೋಟ ನೋಡುವವರು ಯಾರು?

ಶಿವಮೊಗ್ಗದಲ್ಲಿ ಉಸಿರು, ದನಿ ಕಲಿಸುವ ವಾರಾಂತ್ಯದ ಶಿಬಿರ ಯಾವುದಾದರೂ ಇದೆಯಾ? ಕಲಿತು ಬಂದವರು ಈಗಲೂ ದಿನಾ ಅಭ್ಯಾಸ ಮಾಡ್ತೀರಾ? ಮನೆಯಲ್ಲೇ ಮಾಡುವಂಥದ್ದಿದ್ದರೂ ತಿಳಿಸಿ. ಜಾಸ್ತಿ ಕೂಗುವಂಥದ್ದು ಮಾತ್ರ ಬೇಡ, ಅಡಿಕೆ ಸುಲಿಯೋಕೆ ಬಂದವರು ಎದ್ದು ಹೋಗ್ತಾರೆ.