ಪದಚರ್ಚೆ: ‘ಮಾನ್ಯತೆ’ ಯಾವುದಕ್ಕೆ, ಕಾಲೇಜಿಗಾ, ಪದವಿಗಾ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಇರುವುದು ಉಡುಪಿಯಲ್ಲಿ. ಹೆಚ್ಚಾಗಿ ಬರುವುದು ಕ್ರಯಪತ್ರ, ವೀಲುನಾಮೆ, ಕೋರ್ಟಿನ ನೋಟಿಸು. ಕಳೆದ ತಿಂಗಳು ಬೇರೆ ತರಹದ ಕೆಲಸ ಬಂತು. ಖಾಸಗಿ ಮೆಡಿಕಲ್ ಕಾಲೇಜು ತೆರೆಯಬೇಕೆಂದಿರುವ ಒಂದು ಟ್ರಸ್ಟಿನವರು ಕಾನೂನಿನ ಹಂತಗಳ ಟಿಪ್ಪಣಿ ಕೊಟ್ಟರು. ‘ನಮ್ಮಲ್ಲಿ ಹಿರಿಯರು ಕನ್ನಡದಲ್ಲೇ ಓದುವವರು, ಅವರಿಗೆ ಅರ್ಥ ಆಗುವ ಹಾಗೆ ಮಾಡಿಕೊಡಿ’ ಎಂದರು. ಯಾರೋ ಮಾಡಿದ ಒಂದು ಕನ್ನಡ ಪ್ರತಿಯೂ ಜೊತೆಗಿತ್ತು.

ಪೆನ್ಸಿಲ್ ಹಿಡಿದು ಓದಿದೆ. ‘ಮಾನ್ಯತೆ’ ಎಂದು ಬಂದಲ್ಲೆಲ್ಲ ಗೆರೆ ಎಳೆದೆ. ಮೊದಲ ಪುಟದಲ್ಲೇ ಐದು ಗೆರೆ. ಇಂಗ್ಲಿಷ್ ಪ್ರತಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಐದು ಕಡೆ ಇದ್ದದ್ದು ನಾಲ್ಕು ಬೇರೆ ಪದ: ಪರ್ಮಿಷನ್, ಅಫಿಲಿಯೇಷನ್, ರೆಕಗ್ನಿಷನ್, ಅಪ್ರೂವಲ್. ನಾಲ್ಕನ್ನೂ ಕೊಡುವವರು ಬೇರೆ, ಕೊಡುವ ಹೊತ್ತೂ ಬೇರೆ. ಕನ್ನಡದಲ್ಲಿ ಎಲ್ಲ ಒಂದೇ ಆಗಿಬಿಟ್ಟಿತ್ತು.

ಇದು ಬರೀ ಪದದ ಹಟ ಅಲ್ಲ. ನಮ್ಮ ಕಡೆ ಮಗಳಿಗೋ ಮಗನಿಗೋ ಸೀಟು ಹುಡುಕುವ ತಂದೆ ತಾಯಿ ಮೊದಲು ಕೇಳುವುದೇ ‘ಮಾನ್ಯತೆ ಉಂಟಾ?’ ಅಂತ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯವರು ಹೀಗೆಯೇ ಕೇಳಿದ್ದರು. ಆರೋಗ್ಯಕ್ಕೆ ಸಂಬಂಧಿಸಿದ ಒಂದು ಕೋರ್ಸು, ಹೊಸ ಸಂಸ್ಥೆ. ‘ಉಂಟು’ ಎಂಬ ಉತ್ತರ ಬಂತು, ಫೀಸು ಕಟ್ಟಿದರು. ಅಲ್ಲಿ ಇದ್ದದ್ದು ಆ ವರ್ಷದ ಪ್ರವೇಶಕ್ಕೆ ಸಿಕ್ಕ ಅನುಮತಿ ಮಾತ್ರ. ಮರುವರ್ಷ ಅದು ನವೀಕರಣ ಆಗಲಿಲ್ಲ. ಆ ಮನೆಯ ಜಗಲಿಯಲ್ಲಿ ಅಪ್ಪ ಮಗಳು ಕಾಗದ ಹರಡಿಕೊಂಡು ಕುಳಿತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಗದದಲ್ಲಿ ಸುಳ್ಳು ಇರಲಿಲ್ಲ. ಪದ ತಪ್ಪಿತ್ತು.

ಈಗ ಮೆಡಿಕಲ್ ಕಾಲೇಜಿನ ಮಟ್ಟಿಗೆ ಕಾನೂನು ಏನು ಹೇಳುತ್ತದೆ ನೋಡಿ. ಮೊದಲು 1956ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆ ಇತ್ತು. ಈಗಿರುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ. ಆಯೋಗ ಕೆಲಸ ಶುರು ಮಾಡಿದ್ದು 2020ರ ಸೆಪ್ಟೆಂಬರ್ 25ರಿಂದ. ಹೊಸ ಕಾಲೇಜಿಗೆ ಮೊದಲೇ ಅನುಮತಿ ಬೇಕು ಎನ್ನುವುದು 28ನೇ ಕಲಂ. ಅರ್ಜಿ ಹೋಗುವುದು ಆಯೋಗದ ಕೆಳಗಿನ ‘ಮೆಡಿಕಲ್ ಅಸೆಸ್‌ಮೆಂಟ್ ಅಂಡ್ ರೇಟಿಂಗ್ ಬೋರ್ಡ್’ ಎಂಬ ಮಂಡಳಿಗೆ. ಮಂಡಳಿ ಆರು ತಿಂಗಳೊಳಗೆ ತೀರ್ಮಾನಿಸಬೇಕು. ಪದವಿಗೆ ಮಾನ್ಯತೆ ಕೊಡುವ ವಿಷಯ ಇರುವುದು 35ನೇ ಕಲಮಿನಲ್ಲಿ, ಬೇರೆಯೇ ಜಾಗದಲ್ಲಿ. ಅಂದರೆ ಕಾಲೇಜಿಗೆ ಸಿಗುವುದು ಅನುಮತಿ. ಮಾನ್ಯತೆ ಸಿಗುವುದು ವಿಶ್ವವಿದ್ಯಾಲಯ ಕೊಡುವ ಪದವಿಗೆ, ಅದೂ ಮೊದಲ ಬ್ಯಾಚು ಕೊನೆಯ ಪರೀಕ್ಷೆಯ ಹಂತಕ್ಕೆ ಬಂದಾಗ. ಹಾಗಾಗಿ ನಿನ್ನೆ ಮೊನ್ನೆ ತೆರೆದ ಕಾಲೇಜು ‘ಮಾನ್ಯತೆ ಪಡೆದ ಕಾಲೇಜು’ ಎಂದು ಹಾಕಿಕೊಂಡರೆ ಆ ಮಾತು ಸರಿಯಲ್ಲ. ‘ಅನುಮತಿ ಪಡೆದ ಕಾಲೇಜು’ ಎಂದರೆ ಸರಿ. ನನ್ನ ಪ್ರತಿಯಲ್ಲಿ ಈ ಎರಡನ್ನು ಎಲ್ಲಿಯೂ ಬೆರೆಸಿಲ್ಲ, ಬೆರೆಸುವುದೂ ಇಲ್ಲ.

ಕಾಲೇಜು ಒಂದು ವಿಶ್ವವಿದ್ಯಾಲಯದ ಕೆಳಗೆ ಸೇರುವ ಅಫಿಲಿಯೇಷನ್‌ಗೆ ನಮ್ಮ ವಿಶ್ವವಿದ್ಯಾಲಯಗಳು ‘ಸಂಯೋಜನೆ’ ಎಂದು ಬಳಸುತ್ತವೆ. ಸಂಯೋಜಿತ ಕಾಲೇಜು, ಸಂಯೋಜನೆ ಶುಲ್ಕ. ಆದರೆ ಸಭೆ ನಡೆಸಿಕೊಡುವವರೂ ಸಂಯೋಜಕರೇ, ಹಾಡಿಗೆ ರಾಗ ಹಾಕುವುದೂ ಸಂಯೋಜನೆಯೇ. ‘ಸೇರ್ಪಡೆ’ ಎಂದು ಬರೆದು ನೋಡಿದೆ. ಓದಿದವರು ಮಕ್ಕಳ ಅಡ್ಮಿಷನ್ ಎಂದುಕೊಂಡರು. ಕೊನೆಗೆ ಸಂಯೋಜನೆಯನ್ನೇ ಉಳಿಸಿದೆ, ಮೊದಲ ಸಲ ಬರುವಲ್ಲಿ ‘ವಿಶ್ವವಿದ್ಯಾಲಯದ ಸಂಯೋಜನೆ’ ಎಂದು ಬಿಡಿಸಿ ಬರೆದೆ. ಇನ್ನೊಂದು ಸೂಕ್ಷ್ಮ ಉಂಟು. ಅರ್ಜಿಯ ಜೊತೆ ಇಡಬೇಕಾದದ್ದು ಸಂಯೋಜನೆ ಅಲ್ಲ, ಸಂಯೋಜನೆಗೆ ವಿಶ್ವವಿದ್ಯಾಲಯದ ಒಪ್ಪಿಗೆ. ನಮ್ಮಲ್ಲಿ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮ ಎಂದು ಪರಿಗಣಿಸಿದ ಸಂಸ್ಥೆ) ಅಲ್ಲದ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಸಾಮಾನ್ಯವಾಗಿ ಅದನ್ನು ಕೊಡುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ‘ಸಂಯೋಜನಾ ಸಮ್ಮತಿ’ ಎಂದರೆ ನುಣುಪಾಗಿ ಕೇಳುತ್ತದೆ, ಆದರೆ ಅರ್ಥ ಜಾರುತ್ತದೆ. ‘ಸಂಯೋಜಿಸಿಕೊಳ್ಳಲು ಒಪ್ಪಿಗೆ’ ಎಂದು ಬರೆದಿದ್ದೇನೆ.

ಹೆಚ್ಚು ತಲೆ ಕೆಡಿಸಿದ್ದು ಎಸೆನ್ಶಿಯಾಲಿಟಿ ಸರ್ಟಿಫಿಕೇಟ್. ಇದನ್ನು ಕೊಡುವುದು ರಾಜ್ಯ ಸರ್ಕಾರ. ಹಳೆಯ ಪ್ರತಿಯಲ್ಲಿ ‘ಅವಶ್ಯಕತಾ ಪ್ರಮಾಣಪತ್ರ’ ಎಂದಿತ್ತು. ಒಬ್ಬ ಹಿರಿಯ ಟ್ರಸ್ಟಿ ಅದನ್ನು ಓದಿ, ‘ಎಂತ ಮಾರಾಯ್ರೆ, ನಮಗೆ ಅವಶ್ಯ ಇರುವ ಸರ್ಟಿಫಿಕೇಟುಗಳ ಪಟ್ಟಿಯಾ ಇದು?’ ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯ, ಅಲ್ವಾ? ಆ ಪದದಲ್ಲಿ ಯಾರಿಗೆ ಅವಶ್ಯ, ಏನು ಅವಶ್ಯ ಎರಡೂ ಇಲ್ಲ. ಆ ಪತ್ರದ ತಿರುಳು ದೊಡ್ಡದು. ಈ ಜಾಗದಲ್ಲಿ ಇಂಥ ಕಾಲೇಜು ಬೇಕು, ಅದು ಜನರ ಹಿತಕ್ಕೆ ಎಂದು ಸರ್ಕಾರ ತನ್ನ ಮಾತಿನಲ್ಲಿ ಹೇಳಬೇಕು. ಅಷ್ಟೇ ಅಲ್ಲ. ವೈದ್ಯಕೀಯ ಪರಿಷತ್ತಿನ 1999ರ ನಿಯಮಗಳಲ್ಲಿದ್ದ ನಮೂನೆಯಲ್ಲಿ ಇನ್ನೊಂದು ಮಾತಿತ್ತು. ಕಾಲೇಜಿನವರು ಬೇಕಾದ ಸೌಕರ್ಯ ಮಾಡದೆ ಹೊಸ ಪ್ರವೇಶ ನಿಂತುಹೋದರೆ, ಆಗಲೇ ಸೇರಿದ ಮಕ್ಕಳ ಹೊಣೆಯನ್ನು ರಾಜ್ಯ ಸರ್ಕಾರ ವಹಿಸಿಕೊಳ್ಳುತ್ತದೆ ಎಂದು. ಆ ಸಾಲನ್ನು ಕನ್ನಡ ಮಾಡುವಾಗ ಪಕ್ಕದ ಮನೆಯ ಜಗಲಿಯೇ ನೆನಪಿಗೆ ಬಂತು. ಇಷ್ಟು ಭಾರದ ಕಾಗದಕ್ಕೆ ಪದವೂ ಗಟ್ಟಿಯಾಗಿರಬೇಕು. ‘ಕಾಲೇಜಿನ ಅಗತ್ಯದ ದೃಢಪತ್ರ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಉದ್ದವಾಯಿತು. ಆದರೆ ಯಾವುದರ ಅಗತ್ಯ ಎಂದಾದರೂ ಗೊತ್ತಾಗುತ್ತದೆ.

ಲೆಟರ್ ಆಫ್ ಇಂಟೆಂಟ್, ಲೆಟರ್ ಆಫ್ ಪರ್ಮಿಷನ್ ಇನ್ನೊಂದು ಜೋಡಿ. ಈ ಕೆಲಸದಲ್ಲಿ ಇರುವವರು ಎಲ್‌ಒಐ, ಎಲ್‌ಒಪಿ ಎಂದೇ ಹೇಳುವುದು. ಎರಡನೆಯದು ಅನುಮತಿ ಪತ್ರ, ಅದರಲ್ಲಿ ಗೊಂದಲ ಇಲ್ಲ. ಮೊದಲನೆಯದಕ್ಕೆ ‘ಆಶಯ ಪತ್ರ’ ಎಂದು ಹಾಕಿದ್ದರು. ಆಶಯ ಎಂದರೆ ಹಾರೈಕೆಯ ಹಾಗೆ ಕೇಳುತ್ತದೆ. ಹೇಳಿದ ಷರತ್ತು ಪೂರೈಸಿ, ಬ್ಯಾಂಕ್ ಗ್ಯಾರಂಟಿ ಕೊಡಿ, ಆಮೇಲೆ ಅನುಮತಿ ಕೊಡುವ ಇರಾದೆ ನಮಗೆ ಉಂಟು ಎನ್ನುವ ಪತ್ರ ಅದು. ‘ಇರಾದೆ ಪತ್ರ’ ಆಗಬಹುದಾ? ನನಗೆ ಇಷ್ಟ ಆಗಿದೆ.

ಮಂಡಳಿಯ ಹೆಸರಿನಲ್ಲಿರುವ ಅಸೆಸ್‌ಮೆಂಟ್‌ಗೆ ‘ಮೌಲ್ಯಮಾಪನ’ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಮಗೆ ಅದು ಉತ್ತರಪತ್ರಿಕೆ ತಿದ್ದುವ ಕೆಲಸ. ‘ಪರಿಶೀಲನೆ’ ಸಾಕು. ಇನ್ನು ಅರ್ಜಿ ಹಾಕುವವರ ಹೆಸರು. ಸೊಸೈಟಿ ಎಂದು ಬರೆದರೆ ಇಲ್ಲಿ ಯಾರೂ 1960ರ ಸಂಘಗಳ ನೋಂದಣಿ ಕಾಯ್ದೆ ನೆನೆಯುವುದಿಲ್ಲ. ಹಾಲು ಹಾಕುವ ಡೈರಿ ಸೊಸೈಟಿ, ಸಾಲ ಕೊಡುವ ಸೊಸೈಟಿ ನೆನಪಾಗುತ್ತದೆ. ‘ನೋಂದಾಯಿತ ಸಂಘ’ ಎಂದೇ ಬರೆದೆ. ಟ್ರಸ್ಟ್ ಮಾತ್ರ ಟ್ರಸ್ಟೇ. ‘ನ್ಯಾಸ’ ಎಂದರೆ ಇಲ್ಲಿ ಓದುವವರಿಲ್ಲ.

‘ಹಾಸಿಗೆ’ಯ ಬಗ್ಗೆ ತಕರಾರಿಲ್ಲ, ಆದರೆ ವಾಕ್ಯದ ಕ್ರಮದ ಬಗ್ಗೆ ಉಂಟು. 2023ರ ನಿಯಮದಲ್ಲಿ ವರ್ಷಕ್ಕೆ 50 ಸೀಟಿನ ಕಾಲೇಜಿಗೆ 220 ಹಾಸಿಗೆ, 150 ಸೀಟಿಗೆ 605 ಹಾಸಿಗೆ. ಹಳೆಯ ಪ್ರತಿಯಲ್ಲಿ ‘220 ಹಾಸಿಗೆಗಳ ಆಸ್ಪತ್ರೆ ನಿರ್ಮಿಸಬೇಕು’ ಎಂದಿತ್ತು. ಅರ್ಜಿ ಹಾಕುವಾಗಲೇ ಆಸ್ಪತ್ರೆ ನಡೆಯುತ್ತಿರಬೇಕು. ‘ನಿರ್ಮಿಸಬೇಕು’ ಎಂದರೆ ಆಮೇಲೆ ಕಟ್ಟಿದರಾಯ್ತು ಎಂದಾಗುತ್ತದೆ. ಈ ಕ್ರಮ ಮಂಗಳೂರಿಗರಿಗೆ ಹೇಳಿಕೊಡಬೇಕಾಗಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರದ್ದು, ಅಲ್ಲಿ ಎಂಬಿಬಿಎಸ್ ಕಾಲೇಜು ಬಂದದ್ದು 1999ರಲ್ಲಿ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ ಕಾಲದ ರೀತಿಯೇ ಬೇರೆ, ಸ್ವಂತ ಆಸ್ಪತ್ರೆಗಿಂತ ಕಾಲೇಜು ಮೊದಲು. ಆಮೇಲೆ ಮಂಗಳೂರಿನಲ್ಲಿ ಅದೇ ಹೆಸರಿನ ಕಾಲೇಜಿನ ಮಕ್ಕಳು ಕಲಿತದ್ದು ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ.

‘ಡೀಮ್ಡ್’ಗೆ ಕನ್ನಡ ಬೇಕಾ ಎಂದೂ ಕೇಳಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ಆಟೋ ಚಾಲಕರಿಂದ ಹಿಡಿದು ಎಲ್ಲರ ಬಾಯಲ್ಲೂ ಡೀಮ್ಡ್. ಪತ್ರಿಕೆಗಳ ‘ಪರಿಗಣಿತ ವಿಶ್ವವಿದ್ಯಾಲಯ’ ತಪ್ಪೇನಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಸಂಸ್ಥೆಗಳು ಹೆಸರಿನಲ್ಲಿ ಬರೀ ‘ಯೂನಿವರ್ಸಿಟಿ’ ಎಂದು ಹಾಕಿಕೊಳ್ಳಬಾರದು ಎಂದ ಮೇಲೆ, ಮಣಿಪಾಲದ ಬೋರ್ಡುಗಳೂ ಬದಲಾದವು. ಒಂದು ಪದಕ್ಕೆ ಕೋರ್ಟೇ ಅಷ್ಟು ಬೆಲೆ ಕೊಟ್ಟಿರುವಾಗ ನಾವು ಕನ್ನಡದಲ್ಲಿ ‘ಪರಿಗಣಿತ’ವನ್ನು ಬಿಟ್ಟು ಸುಮ್ನೆ ‘ವಿಶ್ವವಿದ್ಯಾಲಯ’ ಎಂದು ಬರೆಯಬಾರದು.

ನಿಮ್ಮಲ್ಲಿ ನನ್ನ ಕೇಳಿಕೆ ಎರಡು. ವೈದ್ಯಕೀಯ ಶಿಕ್ಷಣ ಇಲಾಖೆಯ ಕನ್ನಡ ಆದೇಶಗಳನ್ನು ನೋಡಿದವರು ಎಸೆನ್ಶಿಯಾಲಿಟಿ ಸರ್ಟಿಫಿಕೇಟಿಗೆ ಅಲ್ಲಿ ಯಾವ ಪದ ಇದೆ ಎಂದು ತಿಳಿಸಿ. ಎರಡನೆಯದು, ಹಳೆ ಮೈಸೂರು, ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ‘ಇರಾದೆ ಪತ್ರ’ ಎಂದರೆ ತಟ್ಟನೆ ಏನು ಅನಿಸುತ್ತದೆ, ಅದನ್ನೂ ಬರೆಯಿರಿ. ಸೋಮವಾರ ಕರಡು ಕೊಡಬೇಕು. ಆ ಹಿರಿಯ ಟ್ರಸ್ಟಿಯ ಎದುರು ಕುಳಿತು ಒಂದೊಂದೇ ಸಾಲು ಓದಿ ಹೇಳುವುದೆಂದು ಮಾತಾಗಿದೆ.