ಓದಿನ ರುಚಿ ಬದಲಿಸಿಕೊಂಡವರು ಹೊಸ ಬಗೆಯ ಪುಸ್ತಕಗಳನ್ನು ಎಲ್ಲಿ ಹುಡುಕಿದಿರಿ? (ಅನುಭವ ಹಂಚಿಕೆ)

ಹೊಸನಗರ ತಾಲ್ಲೂಕಿನ ಓದುಗ:

ನಮ್ಮ ಮನೆಯ ಕಪಾಟಿನಲ್ಲಿರುವುದೆಲ್ಲ ಅಪ್ಪ ಕೊಂಡಿಟ್ಟ ಸಾಮಾಜಿಕ ಕಾದಂಬರಿಗಳು. ಅವೆಲ್ಲ ಓದಿ ಮುಗಿದಿವೆ. ಈಗ ಅದ್ಭುತ ಕಲ್ಪನೆಯ ಕಥೆಗಳು, ಪ್ರೇಮ ಕಾದಂಬರಿಗಳು, ಚಿತ್ರಕಲೆಯ ಪುಸ್ತಕಗಳು ಹೀಗೆ ಬೇರೆ ಬೇರೆ ಬಗೆಯದನ್ನು ಓದುವ ಆಸೆಯಾಗಿದೆ. ದೀಪಾವಳಿಯ ಹೊತ್ತಿಗೆ ಮನೆಗೆ ಮಗು ಬರಲಿದೆ, ಆದ್ದರಿಂದ ತಂದೆಯಾಗುವವನು ಓದಬೇಕಾದದ್ದು ಕನ್ನಡದಲ್ಲಿ ಇದ್ದರೆ ಮೊದಲು ಅದನ್ನು ತಿಳಿಸಿ. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ.

ಸಾಗರದ ನಿವೃತ್ತ ಗ್ರಂಥಪಾಲಕ:

ಪುಸ್ತಕ ಸಿಗುವುದಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಗ್ರಂಥಾಲಯದ ಒಂದೇ ಕಪಾಟಿನ ಮುಂದೆ ನಿಂತು ಹಿಂತಿರುಗಿದವರು ಎಂಬುದನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಂಡಿದ್ದೇನೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಒಂದೇ ನೆಲೆ. ಅದರೊಳಗೆ ಕಾವ್ಯ, ನಾಟಕ, ಕಾದಂಬರಿ ಎಂದು ವಿಭಾಗಗಳಾಗುತ್ತವೆಯೇ ಹೊರತು ಪ್ರೇಮಕಥೆ ಇತ್ತ, ಮಾಯಾಮಂತ್ರದ ಕಥೆ ಅತ್ತ ಎಂದು ಯಾರೂ ಬೇರ್ಪಡಿಸಿ ಇಡುವುದಿಲ್ಲ. ಲೇಖಕರ ಹೆಸರಿನ ಅಕ್ಷರಕ್ಕೆ ತಕ್ಕಂತೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಹೆಸರೇ ಕೇಳದ ಲೇಖಕರ ಪುಸ್ತಕವನ್ನು ಎಳೆದು ನಿಂತಲ್ಲೇ ನಾಲ್ಕು ಪುಟ ಓದಿ ನೋಡದೆ ಅಲ್ಲಿ ಬೇರೆ ದಾರಿಯಿಲ್ಲ. ಉಳಿದ ಬಗೆಗಳಿಗಾಗಿ ಆ ಸಾಲನ್ನೇ ಬಿಟ್ಟು ನಡೆಯಬೇಕು. ಜನಪದ ಕಥೆಗಳು 398ರಲ್ಲಿ, ಚಿತ್ರಕಲೆ 750ರಲ್ಲಿ, ಮಕ್ಕಳ ಪಾಲನೆ 649ರಲ್ಲಿ, ಕುಟುಂಬ ಸಂಬಂಧಗಳ ವಿಚಾರ 306ರಲ್ಲಿ ಇರುತ್ತವೆ. ಏಳು ಸಮುದ್ರದಾಚೆಯ ರಾಕ್ಷಸ, ಮಾತನಾಡುವ ಗಿಳಿ, ಹೂವಾಗಿ ಅರಳುವ ಹುಡುಗಿ ಬೇಕಾದವರು 398ರ ಬಳಿ ಹೋಗುವುದೇ ಇಲ್ಲ.

ನಾನು ದುಡಿದ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಗೆ ಜಾಗ ಬೇಕೆಂದು ಗ್ರಂಥಾಲಯದ ಕಲೆಯ ಪುಸ್ತಕಗಳನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಸರಿಸಿದರು. ಅಲ್ಲಿ ಗೋಡೆ ಒಸರುತ್ತದೆ ಎಂದು ನಾನು ಬರೆದುಕೊಟ್ಟ ಪತ್ರಗಳೆಲ್ಲ ಕಡತದಲ್ಲೇ ಉಳಿದವು. ನುಣುಪು ಕಾಗದದ ಪುಸ್ತಕ ಒಮ್ಮೆ ನೆನೆದರೆ ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರದ ಬಣ್ಣವೇ ಕಿತ್ತು ಬರುತ್ತದೆ. ಅವನ್ನು ರದ್ದಿಗೆ ಹಾಕಲು ನನ್ನ ಸಹಿ ಕೇಳಿದರು, ನಾನು ಹಾಕಲಿಲ್ಲ. ಬೇರೊಬ್ಬರ ಸಹಿಯಲ್ಲಿ ಹೋದವು. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಂತೆ ನೀವು ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ, 1965ರ ಕಾಯ್ದೆಯೇ ಅದಕ್ಕೆ ಆಧಾರ. ಅಂಗಡಿಗೆ ಹೋಗುವ ಮೊದಲು ಆ ಹಣದಿಂದ ಕೊಂಡದ್ದನ್ನು ಹೋಗಿ ನೋಡಿ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:

ಗ್ರಂಥಪಾಲಕರ ಸಂಖ್ಯೆಗಳು ಕೇಳಲು ಚೆನ್ನಾಗಿವೆ. ನಮ್ಮೂರಿನ ಗ್ರಂಥಾಲಯದಲ್ಲಿ ದಿನಪತ್ರಿಕೆಗಳನ್ನೂ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳನ್ನೂ ಬಿಟ್ಟರೆ 750 ಎಂದು ಬರೆದ ಕಪಾಟೇ ಇಲ್ಲ. ನಾನು ಕೊಂಡು ಓದುವವನು. ರಾಶಿ ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಬೆಂಗಳೂರಿನ ಪುಸ್ತಕ ಮಳಿಗೆಗಳಲ್ಲಿ 11,400 ರೂಪಾಯಿ ಕೊಟ್ಟು ಬಂದೆ. ಅನುವಾದಗೊಂಡ ಅದ್ಭುತ ಕಥೆಗಳ ದಪ್ಪ ಸಂಪುಟಗಳೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿದವು. ಬಸ್ಸಿನ ಲಗೇಜಿಗೆ 240, ಹಮಾಲಿಗೆ 80, ಊರಿನ ತಿರುವಿನಿಂದ ಮನೆಯವರೆಗೆ ಜೀಪಿಗೆ 350 ರೂಪಾಯಿ ಬೇರೆ.

ಪುಸ್ತಕದ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಅದನ್ನು ಮಲೆನಾಡಿನ ಮಳೆಗಾಲದಲ್ಲಿ ಉಳಿಸಿಕೊಳ್ಳುವ ಬೆಲೆಯನ್ನು ಯಾರೂ ಹಾಕುವುದಿಲ್ಲ. ಮನೆಯದೇ ಮರದಿಂದ ಮಾಡಿಸಿದ ಕಪಾಟಿಗೆ ಕೂಲಿ 9,000 ರೂಪಾಯಿಯಾಯಿತು, ಗೋಡೆಯ ಕಡೆಯಿಂದ ಗೆದ್ದಲು ಹತ್ತಿ ಕೆಳಗಿನ ಎರಡು ಅಂಕಣ ಹೋಯಿತು. ಬಳಿಕ 13,500 ರೂಪಾಯಿಯ ಕಬ್ಬಿಣದ ಬೀರು ತಂದೆ. ಅದರೊಳಗೆ ಗಾಳಿಯಾಡದೆ ಆಷಾಢದಲ್ಲಿ ಬೂಷ್ಟು ಹಿಡಿಯಿತು. ಈಗ ಬಾಗಿಲಿಗೆ ರಂಧ್ರ ಹೊಡೆಸಿ, ಒಳಗೆ ಸಣ್ಣ ಬಲ್ಬು ಉರಿಸಿ, ಬಜೆಯ ಬೇರನ್ನೂ ನುಸಿಗುಳಿಗೆಯನ್ನೂ ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ. ಕರೆಂಟು ಹೋದ ವಾರಗಳಲ್ಲಿ ಇಡೀ ಸಂಗ್ರಹವನ್ನು ಅಡಿಕೆ ಒಣಗಿಸುವ ಅಟ್ಟಕ್ಕೆ ಹೊರಿಸುತ್ತೇನೆ, ಆದ್ದರಿಂದ ನನ್ನ ಪುಸ್ತಕಗಳಿಗೆಲ್ಲ ಹೊಗೆಯ ವಾಸನೆಯಿದೆ. ನೋಂದಾಯಿತ ಬುಕ್ ಪೋಸ್ಟಿನಲ್ಲಿ ತರಿಸುವುದು ಅಗ್ಗವಾಗಿತ್ತು, ಆ ಅಂಚೆ ಸೇವೆ 2024ರ ಡಿಸೆಂಬರಿನಲ್ಲಿ ನಿಂತಿತು. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಅದಕ್ಕೆ ಹೊಡೆಯುವ ಮೈಲುತುತ್ತದ ಖರ್ಚಿಗೂ ಪುಸ್ತಕದ ಖರ್ಚಿಗೂ ನಡುವೆ ಮನೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ಇಷ್ಟಾದರೂ ಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಪ್ರೇಮ ಕಾದಂಬರಿಗೆ ಮಾತ್ರ ಹಣ ಹಾಕಬೇಡಿ, ಒಂದನ್ನು ಓದಿದರೆ ಉಳಿದವನ್ನೆಲ್ಲ ಓದಿದ ಹಾಗೆಯೇ.

ಶಿವಮೊಗ್ಗದ ಗೃಹಿಣಿ (ಹಿಂದೆ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದವರು):

ತೀರ್ಥಹಳ್ಳಿಯವರ ಕೊನೆಯ ವಾಕ್ಯ ಓದಿ ಸುಮ್ಮನಿರಲು ಆಗಲಿಲ್ಲ. ನೇಮಿಚಂದ್ರ ಕವಿಯ ಲೀಲಾವತಿ 12ನೇ ಶತಮಾನದ್ದು. ಒಬ್ಬರನ್ನೊಬ್ಬರು ಕಾಣದ ಕದಂಬ ರಾಜಕುಮಾರನೂ ರಾಜಕುಮಾರಿಯೂ ಕನಸಿನಲ್ಲಿ ಕಂಡು ಪ್ರೀತಿಸಿ ಹುಡುಕಿಕೊಂಡು ಹೊರಡುವ ಕಥೆ ಅದು. ಪ್ರೇಮವೂ ಅದ್ಭುತವೂ ಒಂದೇ ಹೊದಿಕೆಯಲ್ಲಿ ಕನ್ನಡಕ್ಕೆ ಬಂದು ಎಂಟು ಶತಮಾನಗಳು ದಾಟಿವೆ. ಅಷ್ಟು ದೂರವೂ ಬೇಡ. ನಿಮ್ಮ ತೀರ್ಥಹಳ್ಳಿಯಲ್ಲೇ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ತುಂಗಭದ್ರ ಕಾದಂಬರಿ 1963ರಲ್ಲಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಹೆಂಗಸರು ಒಲೆಯ ಮುಂದಿನ ಬಿಡುವಿನಲ್ಲಿ ಓದಿ ಬೆಳೆಸಿದ ಸಾಹಿತ್ಯವನ್ನು ಬೀರು ಕೊಂಡವರು ಒಂದು ಸಾಲಿನಲ್ಲಿ ತಳ್ಳಿಹಾಕುವುದು ಸುಲಭ.

ನನ್ನ ಅಂಗಡಿ ದುರ್ಗಿಗುಡಿಯ ಒಳರಸ್ತೆಯಲ್ಲಿತ್ತು. 50 ರೂಪಾಯಿ ಠೇವಣಿ, ಪುಸ್ತಕದ ಬೆಲೆಯ ಹತ್ತನೇ ಒಂದು ಪಾಲು ಬಾಡಿಗೆ, ವಾರದ ಗಡುವು. ಒಂದು ಪ್ರೇಮ ಕಾದಂಬರಿ ಕೇಳಿದವರಿಗೆ ಬೇರೆ ಬಗೆಯ ಪುಸ್ತಕವೊಂದನ್ನು ಬಾಡಿಗೆಯಿಲ್ಲದೆ ಜೊತೆಗೆ ಕಟ್ಟಿ ಕೊಡುತ್ತಿದ್ದೆ. ಪ್ರವಾಸ ಕಥನವೋ, ಶಿಲ್ಪದ ಪರಿಚಯವೋ, ಬೇಟೆಯ ಕಥೆಯೋ ಹೀಗೆ ಮನೆ ಸೇರುತ್ತಿತ್ತು. ತ್ರಿವೇಣಿಯವರನ್ನು ಓದಲು ಬಂದ ಒಬ್ಬ ಟೈಲರ್ ಹೆಂಗಸು ಹೀಗೆಯೇ ಮನಶ್ಶಾಸ್ತ್ರದ ಪುಸ್ತಕಗಳನ್ನೆಲ್ಲ ಮುಗಿಸಿದರು. ನಷ್ಟದ ಲೆಕ್ಕವೂ ನನ್ನಲ್ಲಿದೆ. ಕೊನೆಯ ಪುಟ ಹರಿದ ಪುಸ್ತಕಕ್ಕೆ ಬಾಡಿಗೆ ಹುಟ್ಟುವುದಿಲ್ಲ, ಮರುಹೊಲಿಗೆಗೆ ಪ್ರತಿಗೆ 35 ರೂಪಾಯಿ ಹೋಗುತ್ತಿತ್ತು, ವರ್ಗವಾಗಿ ಊರು ಬಿಟ್ಟ ನೌಕರರ ಮನೆಗಳಲ್ಲಿ ಉಳಿದವು ಮರಳಿ ಬರಲಿಲ್ಲ. ಹೆಂಡತಿಗೆಂದು ಹೇಳಿ ಒಯ್ದು ತಾವೇ ಓದುತ್ತಿದ್ದ ಗಂಡಸರೇ ಹೆಚ್ಚು ಬಾಕಿ ಉಳಿಸಿಕೊಂಡವರು. ಸಂಜೆಯ ಧಾರಾವಾಹಿಗಳು ಬಂದ ಮೇಲೆ ಮಳಿಗೆಯ ಬಾಡಿಗೆಯೂ ಹುಟ್ಟದೆ ಬಾಗಿಲು ಮುಚ್ಚಿದೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:

ಮೇಡಂ, ಇಂದಿರಾ ಅವರನ್ನು ನಾನು ಪ್ರೇಮ ಕಾದಂಬರಿಯ ಲೆಕ್ಕಕ್ಕೆ ಹಾಕಿಯೇ ಇಲ್ಲ. ಅವರು ಬರೆದದ್ದು ನಮ್ಮ ಮನೆಗಳ ಒಳಗನ್ನು. ನಾನು ಹೇಳಿದ್ದು ನಾಯಕ ಕಾರಿನಿಂದ ಇಳಿಯುವಲ್ಲಿ ಆರಂಭವಾಗುವ ಪುಸ್ತಕಗಳ ಬಗ್ಗೆ. ಬೀರು ಕೊಂಡದ್ದು ಸೊಕ್ಕಿಗಲ್ಲ, ಶೀತಕ್ಕೆ.

ಶಿವಮೊಗ್ಗದ ಗೃಹಿಣಿ:

ಚೆನ್ನಾಗಿದ್ದರೆ ಅದು ಪ್ರೇಮ ಕಾದಂಬರಿಯಲ್ಲ, ಚೆನ್ನಾಗಿಲ್ಲದಿದ್ದರೆ ಮಾತ್ರ ಅದು ಪ್ರೇಮ ಕಾದಂಬರಿ ಎನ್ನುವ ಈ ತಕ್ಕಡಿಯನ್ನು ನಾನು ಅಂಗಡಿಯ ಕಾಲದಿಂದಲೂ ನೋಡುತ್ತಿದ್ದೇನೆ.

ಕೊಪ್ಪದ ಎಳೆಯ ತಂದೆ:

ಇಲ್ಲಿ ಕೇಳಿದವರು ತಂದೆಯಾಗುವವರು ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ನನ್ನ ಮಗಳು ಹುಟ್ಟುವ ಮೊದಲು ನಾನೂ ಹುಡುಕಿದೆ. ಪಾಲನೆಯ ಪುಸ್ತಕಗಳೆಲ್ಲ ತಾಯಿಯನ್ನು ಕುರಿತು ಬರೆದವು, ಅವುಗಳಲ್ಲಿ ಗಂಡಸು ಔಷಧಿ ಅಂಗಡಿಗೆ ಹೋಗಿ ಬರುವವನು ಮಾತ್ರ. ತೀರ್ಥಹಳ್ಳಿಯಲ್ಲೇ ಹುಟ್ಟಿದ ವೈದ್ಯೆ ಅನುಪಮಾ ನಿರಂಜನರ ‘ತಾಯಿ ಮಗು’ ಒಳ್ಳೆಯ ಪುಸ್ತಕ, ಜ್ವರ ಮತ್ತು ಹಾಲೂಡಿಕೆಯ ವಿಚಾರದಲ್ಲಿ ಗಂಡಸರೂ ಓದಬೇಕಾದದ್ದು. ಆದರೆ ಹೆಸರಿನಲ್ಲೇ ನಮಗೆ ಜಾಗವಿಲ್ಲ. ಅವರದೇ ದಿನಕ್ಕೊಂದು ಕಥೆಯ ಹನ್ನೆರಡು ಸಂಪುಟಗಳು ಮಾತ್ರ ತಂದೆಯ ಕೆಲಸಕ್ಕೆ ನೇರವಾಗಿ ಬರುತ್ತವೆ, ವರ್ಷದ ಪ್ರತಿ ರಾತ್ರಿಗೂ ಒಂದು ಕಥೆ ಇರುತ್ತದೆ. ತಂದೆ ಎಂಬ ಮನುಷ್ಯನನ್ನು ಹತ್ತಿರದಿಂದ ನೋಡಬೇಕೆಂದರೆ ತೇಜಸ್ವಿಯವರು ತಂದೆಯ ಬಗ್ಗೆ ಬರೆದ ‘ಅಣ್ಣನ ನೆನಪು’ ಓದಿ. ಮಹಾಕವಿ ಎಂದು ನಾಡೆಲ್ಲ ಕೈ ಮುಗಿಯುವ ಕುವೆಂಪು ಮಗನ ಕಣ್ಣಿಗೆ ಹೇಗೆ ಕಂಡರು ಎಂಬುದು ನನಗೆ ಯಾವ ಪಾಲನೆಯ ಕೈಪಿಡಿಗಿಂತ ಹೆಚ್ಚು ಧೈರ್ಯ ಕೊಟ್ಟಿತು. ಮಗುವನ್ನು ಕಳೆದುಕೊಂಡ ಬೇಂದ್ರೆಯವರು ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಈ ತಿಂಗಳುಗಳಲ್ಲಿ ಮಾತ್ರ ಓದಬೇಡಿ.

ಮಗು ತೋಳಿನ ಮೇಲೆ ಮಲಗಿರುವಾಗ ಪುಟ ತಿರುಗಿಸಲು ಕೈ ಬಿಡುವಿರುವುದಿಲ್ಲ, ದೀಪ ಹಚ್ಚಿದರೆ ಏಳುತ್ತದೆ. ಆದ್ದರಿಂದ ನಾನು ಫೋನಿಗೆ ಬಂದೆ. ಪೇಟೆಗೆ ಹೋದಾಗ ಇಳಿಸಿಕೊಂಡು ಬಂದು ನಡುರಾತ್ರಿ ಇಯರ್‌ಫೋನಿನಲ್ಲಿ ಕೇಳುತ್ತೇನೆ. ಆಡಿಯೊ ಪುಸ್ತಕದ ಚಂದಾ ವರ್ಷಕ್ಕೆ 1,499 ರೂಪಾಯಿ ಕಟ್ಟಿದೆ, ನವೀಕರಿಸದ ಮರುದಿನ ಇಳಿಸಿಟ್ಟದ್ದೆಲ್ಲ ಬೀಗ ಬಿದ್ದು ಒಂದೂ ತೆರೆಯಲಿಲ್ಲ. ಅದಾದ ಮೇಲೆ ವಾಟ್ಸಾಪ್ ಗುಂಪುಗಳಲ್ಲಿ ಬರುವ ಪಿಡಿಎಫ್ ಪ್ರತಿಗಳನ್ನು ಓದುತ್ತಿದ್ದೇನೆ. ಫ್ಯಾಂಟಸಿ, ಕಲೆ, ವಿಜ್ಞಾನ ಎಲ್ಲವೂ ಅಲ್ಲಿ ಪುಕ್ಕಟೆ ಸಿಗುತ್ತವೆ, ಬೂಷ್ಟೂ ಹಿಡಿಯುವುದಿಲ್ಲ.

ಸಾಗರದ ನಿವೃತ್ತ ಗ್ರಂಥಪಾಲಕ:

ತೇಜಸ್ವಿಯವರ ಪುಸ್ತಕವನ್ನು ಮೆಚ್ಚಿ ಬರೆದು ಅದೇ ಉಸಿರಿನಲ್ಲಿ ಕದ್ದ ಪ್ರತಿಗಳನ್ನೂ ಹೊಗಳಿದ್ದೀರಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯವಿದೆ. ತ್ರಿವೇಣಿ 1963ರಲ್ಲಿ ತೀರಿಕೊಂಡರು, ಬದುಕಿದ್ದಾಗ ಪ್ರಕಟವಾದ ಅವರ ಕಾದಂಬರಿಗಳು 2023ರ ಕೊನೆಗೆ ಎಲ್ಲರ ಸ್ವತ್ತಾದವು. ಅವನ್ನು ಹಂಚಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಅವರ ಕೃತಿಗಳಿಗೆ 2067ರವರೆಗೆ ಹಕ್ಕಿದೆ. ಸಾವಿರ ಪ್ರತಿ ಅಚ್ಚು ಹಾಕಿ ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡದ ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆದು ಓದಿನ ವೈವಿಧ್ಯ ಬೆಳೆಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕೊಪ್ಪದ ಎಳೆಯ ತಂದೆ:

ಸರ್, ಅಚ್ಚಿನಲ್ಲೇ ಇಲ್ಲದ ಪುಸ್ತಕವನ್ನು ಯಾವ ಪ್ರಕಾಶಕರಿಂದ ಕೊಳ್ಳಲಿ ಎಂದೂ ತಾವೇ ತಿಳಿಸಿದರೆ ಉಪಕಾರವಾಗುತ್ತದೆ. ಮೆಟ್ಟಿಲ ಕೆಳಗೆ ನೆನೆದು ರದ್ದಿಗೆ ಹೋದ ಪುಸ್ತಕಗಳನ್ನು ಯಾರಾದರೂ ಸ್ಕ್ಯಾನ್ ಮಾಡಿಟ್ಟಿದ್ದರೆ ತಮಗೇ ಇಂದು ಓದಲು ಸಿಗುತ್ತಿದ್ದವು.

ಸಾಗರ ತಾಲ್ಲೂಕಿನ ಚಿತ್ರಕಲಾ ಶಿಕ್ಷಕ:

ಕಲೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ತಿಂಗಳಿಗೆ 500 ರೂಪಾಯಿಯಲ್ಲಿ ಚಿತ್ರಕಲೆಯ ಪುಸ್ತಕ ಕೊಳ್ಳುವುದು ಕಷ್ಟ. ನಾನು ಕೊಂಡ ವಿದೇಶಿ ಮುದ್ರಣದ ಒಂದೇ ಸಂಪುಟಕ್ಕೆ 3,800 ರೂಪಾಯಿಯಾಯಿತು, ದಾರಿಯಲ್ಲಿ ಮೂಲೆ ಜಜ್ಜಿತು, ಬದಲಿ ಕೊಡಲು ಮಾರಿದವರು ಒಪ್ಪಲಿಲ್ಲ. ವಾಪಸು ಕಳಿಸುವ ಖರ್ಚು 410 ರೂಪಾಯಿ ನನ್ನ ತಲೆಗೇ ಬಂತು. ಅಗ್ಗದ ಕನ್ನಡ ಪುಸ್ತಕಗಳಲ್ಲಿ ವಿವರಣೆ ಒಳ್ಳೆಯದಿದ್ದರೂ ಚಿತ್ರಗಳು ಕಪ್ಪು ಬಿಳುಪಿನವು, ಅರಿಸಿನದ ಬಣ್ಣ ಯಾವುದು, ಹಸಿರು ಯಾವುದು ಎಂದು ಊಹಿಸಬೇಕು.

ಅದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ನೋಡಿದ್ದರ ಬಗ್ಗೆಯೇ ಓದುವುದು. ನಮ್ಮ ತಾಲ್ಲೂಕಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರವನ್ನು ನೋಡಿದವರಿಗೆ ಅದರ ಬಗೆಗಿನ ಪುಸ್ತಕದಲ್ಲಿ ಬಣ್ಣ ಇಲ್ಲದಿದ್ದರೂ ಸಾಕು. ಕೆಳದಿಯ ರಾಮೇಶ್ವರ ದೇವಾಲಯದ ಗಂಡಭೇರುಂಡವನ್ನು ತಲೆಯೆತ್ತಿ ನೋಡಿ ಬಂದು ಶಿಲ್ಪದ ಪುಸ್ತಕ ತೆರೆಯಿರಿ. ಆಟ ನೋಡಿದವರು ಶಿವರಾಮ ಕಾರಂತರ ಯಕ್ಷಗಾನ ಬಯಲಾಟ ಹಿಡಿಯಲಿ, 1957ರಲ್ಲಿ ಬಂದ ಆ ಗ್ರಂಥ ವೇಷ, ಬಣ್ಣ, ಹಾಡು ಎಲ್ಲವನ್ನೂ ವಿಚಾರಿಸುತ್ತದೆ. ಹೆಗ್ಗೋಡಿಗೆ ನೀನಾಸಮ್ ನಾಟಕ ನೋಡಲು ಹೋದಾಗ ಅಕ್ಷರ ಪ್ರಕಾಶನದ ಪುಸ್ತಕಗಳನ್ನೂ ನೋಡಿ. ರಂಗಭೂಮಿ, ಕಲೆ, ಚಿಂತನೆಯ ತೆಳು ಪುಸ್ತಕಗಳು ನಿಮ್ಮ 500 ರೂಪಾಯಿಯೊಳಗೇ ಬರುತ್ತವೆ. ಪಿಡಿಎಫ್ ಜಗಳವನ್ನು ಬೇರೆ ಕಡೆ ಮುಂದುವರಿಸಿದರೆ ಒಳ್ಳೆಯದು.

ಹೊಸನಗರ ತಾಲ್ಲೂಕಿನ ಓದುಗ:

ಎಲ್ಲರಿಗೂ ವಂದನೆಗಳು. ಅಣ್ಣನ ನೆನಪು ಈ ತಿಂಗಳೇ ಕೊಳ್ಳುತ್ತೇನೆ. ದಿನಕ್ಕೊಂದು ಕಥೆಯ ಸಂಪುಟಗಳು ಹಳೆಯ ಪ್ರತಿಯಾದರೂ ಪರವಾಗಿಲ್ಲ, ಯಾರ ಬಳಿಯಾದರೂ ಇವೆಯೇ?

ಶಿವಮೊಗ್ಗದ ಗೃಹಿಣಿ:

ತಮ್ಮಾ, ಅಂಗಡಿ ಮುಚ್ಚುವಾಗ ರದ್ದಿಗೆ ಹಾಕದೆ ಉಳಿಸಿಕೊಂಡ ಗಂಟುಗಳಲ್ಲಿ ಅವೂ ಇವೆ. 500 ರೂಪಾಯಿ ಠೇವಣಿ ಇಟ್ಟು ಒಯ್ಯಬಹುದು, ಬಾಡಿಗೆ ಬೇಡ. ಮಗುವಿಗೆ ಅರ್ಥವಾಗುವ ವಯಸ್ಸಾಗುವವರೆಗೆ ಇಟ್ಟುಕೊಳ್ಳಿ. ಆರನೆಯ ಸಂಪುಟ ಮಾತ್ರ ಇಲ್ಲ, ಯಾರೋ ಒಯ್ದವರು ಹಿಂತಿರುಗಿಸಲಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:

ಆರನೆಯ ಸಂಪುಟ ನನ್ನ ಬಳಿ ಒಂಟಿಯಾಗಿ ಇದೆ, ಶಿವಮೊಗ್ಗದ ಹಳೆಯ ಪುಸ್ತಕದ ಗಾಡಿಯಲ್ಲಿ 40 ರೂಪಾಯಿಗೆ ಕೊಂಡದ್ದು. ಹೊರಗೆ ಕೊಡುವ ಪದ್ಧತಿ ನನ್ನಲ್ಲಿಲ್ಲ. ಹೊಸನಗರದವರು ಮನೆಗೆ ಬಂದು ಕುಳಿತು ಓದಬಹುದು, ಊಟವೂ ಆಗುತ್ತದೆ.

ಶಿವಮೊಗ್ಗದ ಗೃಹಿಣಿ:

ಅದರ ಮೊದಲ ಪುಟದಲ್ಲಿಯೂ 101ನೇ ಪುಟದಲ್ಲಿಯೂ ನೇರಳೆ ಶಾಯಿಯ ದುಂಡು ಮೊಹರು ಇದೆಯೇ ಎಂದು ನೋಡಿ ತಿಳಿಸಿ.